ಕೃತ್ತಿಕೆಯ ಉದಯ ಮತ್ತು ಲಿಪಿಪೂರ್ವ ಕಾಲಗಣನೆ

ಶತಪಥ ಬ್ರಾಹ್ಮಣದ ಎರಡನೆಯ ಕಾಂಡದಲ್ಲಿ, ಅಗ್ನ್ಯಾಧಾನಕ್ಕೆ ಯಾವ ನಕ್ಷತ್ರವು ಪ್ರಶಸ್ತವೆಂಬ ವಿಚಾರ ನಡೆದಿರುವಾಗ, ಒಂದು ಸಣ್ಣ ಮಾತು ಬರುತ್ತದೆ. ಇತರ ನಕ್ಷತ್ರಗಳೆಲ್ಲವೂ ಪೂರ್ವದಿಕ್ಕನ್ನು ಬಿಟ್ಟು ಸರಿಯುತ್ತವೆ, ಕೃತ್ತಿಕೆಗಳು ಮಾತ್ರ ಸರಿಯುವುದಿಲ್ಲ ಎಂಬುದು ಅದರ ತಾತ್ಪರ್ಯ. ಯಜ್ಞವಿಧಿಯ ನಡುವೆ ಯಾರ ಗಮನಕ್ಕೂ ಬಾರದೆ ಹೋಗಬಹುದಾಗಿದ್ದ ಈ ಮಾತನ್ನು ಮಹಾರಾಷ್ಟ್ರದ ಜ್ಯೋತಿಷಪಂಡಿತ ಶಂಕರ ಬಾಲಕೃಷ್ಣ ದೀಕ್ಷಿತರು 1895ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಎತ್ತಿ ತೋರಿಸಿದರು. ಕೃತ್ತಿಕೆಗಳು ನೇರ ಪೂರ್ವದಲ್ಲಿ ಉದಯಿಸುತ್ತಿದ್ದುದು ಕ್ರಿ. ಪೂ. 3000ದ ಸುಮಾರಿನಲ್ಲಿ ಎಂದು ಗಣಿತದಿಂದ ನಿರ್ಣಯಿಸಿದರು. ಅದಕ್ಕೆ ಎರಡು ವರ್ಷ ಮೊದಲು, 1893ರಲ್ಲಿ, ಲೋಕಮಾನ್ಯ ತಿಲಕರ ‘ಓರಾಯನ್’ ಗ್ರಂಥವೂ ಜರ್ಮನಿಯ ಹರ್ಮಾನ್ ಯಾಕೋಬಿಯವರ ಪ್ರಬಂಧವೂ ಪ್ರಕಟವಾಗಿದ್ದುವು. ಇಬ್ಬರೂ ಬೇರೆಬೇರೆಯಾಗಿ, ನಕ್ಷತ್ರಗಳ ಆಧಾರದಿಂದಲೇ, ವೇದಕಾಲವನ್ನು ಕ್ರಿ. ಪೂ. 4000ಕ್ಕೂ ಹಿಂದಕ್ಕೆ ಒಯ್ದಿದ್ದರು. ಅಮೆರಿಕದ ವಿಟ್ನಿಯವರು ಈ ಇಬ್ಬರ ವಾದವನ್ನೂ ಕಟುವಾಗಿಯೇ ಖಂಡಿಸಿದರು. ಅಂದು ಹೊತ್ತಿದ ಚರ್ಚೆ ಇಂದಿಗೂ ಪೂರ್ತಿ ಆರಿಲ್ಲ.

ವೇದದ ವಯಸ್ಸೆಷ್ಟು ಎಂಬ ಈ ಬಿಸಿಯಾದ ಪ್ರಶ್ನೆಯ ಮರೆಯಲ್ಲಿ ಅದಕ್ಕಿಂತ ಹಳೆಯದಾದ ಇನ್ನೊಂದು ಪ್ರಶ್ನೆ ಅಡಗಿಹೋಯಿತೆನ್ನಬೇಕು. ಲಿಪಿಯಿಲ್ಲದ, ಪಂಚಾಂಗವಿಲ್ಲದ ಜನ ವರ್ಷವನ್ನು ಹೇಗೆ ಹಿಡಿದಿಟ್ಟರು? ಅವರ ನೋಟದ ನೆನಪು ಬಾಯಿಂದ ಬಾಯಿಗೆ ಬಂದು ನಮ್ಮ ಕೈಸೇರಿದಾಗ ಅದನ್ನು ಎಷ್ಟರಮಟ್ಟಿಗೆ ನಂಬಬಹುದು? ಶತಪಥದ ಆ ಒಂದು ಮಾತು ಈ ಎರಡು ಪ್ರಶ್ನೆಗಳಿಗೂ ಒಳ್ಳೆಯ ಸಾಕ್ಷಿಯಾಗಿದೆ.

ದಿನವನ್ನು ಸೂರ್ಯನೂ ತಿಂಗಳನ್ನು ಚಂದ್ರನೂ ಯಾರ ಸಹಾಯವೂ ಇಲ್ಲದೆ ತೋರಿಸಿಕೊಡುತ್ತಾರೆ. ತೊಡಕು ಬರುವುದು ವರ್ಷದ ವಿಷಯದಲ್ಲಿ. ಹನ್ನೆರಡು ಚಾಂದ್ರಮಾಸಗಳು ಸೇರಿ 354 ದಿನಗಳಾಗುತ್ತವೆ. ಋತುಚಕ್ರ ತಿರುಗಿ ಬರಲು 365 ದಿನಗಳಿಗಿಂತ ತುಸು ಹೆಚ್ಚು ಬೇಕು. ಕೇವಲ ಹುಣ್ಣಿಮೆಗಳನ್ನು ಎಣಿಸುತ್ತ ಕುಳಿತವನು ಮೂರು ವರ್ಷಕ್ಕೆ ಒಂದು ತಿಂಗಳಷ್ಟು ತಪ್ಪುತ್ತಾನೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವನ ಬಿತ್ತನೆಯ ತಿಂಗಳು ಬೇರೊಂದು ಋತುವಿನಲ್ಲಿ ಬಂದು ಬೀಳುತ್ತದೆ. ಬೇಟೆಗಾರನಿಗೆ ಇದು ಅಷ್ಟೊಂದು ಬಾಧಿಸದಿರಬಹುದು. ಒಂದು ಹಿಡಿ ಬೀಜವನ್ನು ಮುಂದಿನ ಮಳೆಗಾಗಿ ತೆಗೆದಿಟ್ಟ ಒಕ್ಕಲಿಗನಿಗೆ ಇದು ಜೀವನ್ಮರಣದ ಪ್ರಶ್ನೆ. ಚಂದ್ರನ ಎಣಿಕೆಯನ್ನು ಋತುವಿಗೆ ಕಟ್ಟಿಹಾಕಲು ಒಂದು ಗೂಟ ಬೇಕಾಯಿತು. ಆ ಗೂಟ ದೊರೆತುದು ಇರುಳಿನ ಆಕಾಶದಲ್ಲಿ.

ಸೂರ್ಯನು ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು ಒಂದು ಅಂಶ, ಎಂದರೆ ಒಂದು ಡಿಗ್ರಿಯಷ್ಟು, ಪೂರ್ವಕ್ಕೆ ಜರುಗುತ್ತಾನೆ. ಆದುದರಿಂದ ಪ್ರತಿಯೊಂದು ನಕ್ಷತ್ರವೂ ಹಿಂದಿನ ದಿನಕ್ಕಿಂತ ನಾಲ್ಕು ನಿಮಿಷ ಮುಂಚಿತವಾಗಿ ಮೂಡುತ್ತದೆ. ಸೂರ್ಯನು ಒಂದು ನಕ್ಷತ್ರದ ಸಮೀಪಕ್ಕೆ ಬಂದಾಗ ಅದು ಅವನ ಬೆಳಕಿನಲ್ಲಿ ಅಡಗಿ, ಕೆಲವು ವಾರಗಳ ಕಾಲ ಸಂಜೆಯಲ್ಲಿಯೂ ಕಾಣದು, ಬೆಳಗಿನಲ್ಲಿಯೂ ಕಾಣದು. ಗುರುವಿಗೂ ಶುಕ್ರನಿಗೂ ಒದಗುವ ಇಂಥ ಸ್ಥಿತಿಯನ್ನು ನಮ್ಮ ಪಂಚಾಂಗಗಳು ಮೌಢ್ಯವೆಂದು ಕರೆಯುತ್ತವೆ. ನಕ್ಷತ್ರಗಳಿಗೂ ಅದು ಉಂಟು. ಬಳಿಕ ಒಂದು ದಿನ, ಅರುಣೋದಯಕ್ಕೆ ಸ್ವಲ್ಪ ಮುಂಚೆ, ಪೂರ್ವದ ಅಂಚಿನಲ್ಲಿ ಆ ನಕ್ಷತ್ರ ಕ್ಷಣಕಾಲ ಮಿನುಗಿ ಬೆಳಕಿನಲ್ಲಿ ಕರಗುತ್ತದೆ. ಇದು ಅದರ ಪ್ರಥಮೋದಯ. ವರ್ಷಕ್ಕೆ ಒಮ್ಮೆ ಮಾತ್ರ, ಹೆಚ್ಚುಕಡಿಮೆ ಅದೇ ದಿನ, ಇದು ಸಂಭವಿಸುತ್ತದೆ. ಇದನ್ನು ಕಾಣಲು ಯಂತ್ರ ಬೇಡ, ಅಂಕಿ ಬೇಡ. ತೆರೆದ ದಿಗಂತವೂ ಬೇಗನೆ ಏಳುವ ಅಭ್ಯಾಸವೂ ಸಾಕು. ತೈತ್ತಿರೀಯ ಬ್ರಾಹ್ಮಣವು ಶುಭಕರ್ಮಕ್ಕೆ ತಕ್ಕ ನಕ್ಷತ್ರವನ್ನು ಉಷಸ್ಸಿನ ಸಮೀಪದಲ್ಲಿಯೇ ಗುರುತಿಸಿಕೊಳ್ಳಬೇಕೆಂದೂ ಸೂರ್ಯ ಹುಟ್ಟಿದ ಮೇಲೆ ಅದು ಕಾಣಸಿಗದೆಂದೂ ವಿಧಿಸುವಾಗ ಈ ಹಳೆಯ ರೂಢಿಯನ್ನೇ ಹೇಳುತ್ತಿದೆ. ನಕ್ಷತ್ರವೆಂದರೆ ಕಣ್ಣಿನಿಂದ ಕಾಣತಕ್ಕ ವಸ್ತುವಾಗಿದ್ದ ಕಾಲದ ಮಾತು ಅದು. ಮುಂದೆ ಅದು ಪಂಚಾಂಗದ ಅಂಕಣವೊಂದರಲ್ಲಿ ಓದತಕ್ಕ ಹೆಸರಾಯಿತು.

ಆಕಾಶದಲ್ಲಿ ಕೃತ್ತಿಕೆಗಿಂತ ಉಜ್ಜ್ವಲವಾದ ತಾರೆಗಳು ಎಷ್ಟೋ ಇವೆ. ಆದರೂ ಜಗತ್ತಿನ ನಾನಾ ಜನಾಂಗಗಳು ಕೃತ್ತಿಕೆಯನ್ನೇ ಆರಿಸಿಕೊಂಡುದಕ್ಕೆ ಕಾರಣ ಸರಳವಾಗಿದೆ. ಒಂಟಿ ತಾರೆಯನ್ನು ಇನ್ನೊಂದೆಂದು ಭ್ರಮಿಸಬಹುದು; ಒತ್ತೊತ್ತಾಗಿ ಕುಳಿತ ಆರೇಳು ಚುಕ್ಕಿಗಳ ಗೊಂಚಲನ್ನು ಮಗುವೂ ತಪ್ಪದೆ ಗುರುತಿಸುತ್ತದೆ. ಅದು ಸೂರ್ಯಪಥಕ್ಕೂ ಚಂದ್ರಪಥಕ್ಕೂ ಸಮೀಪದಲ್ಲಿದೆ. ಕ್ರಿ. ಪೂ. 700ರ ಸುಮಾರಿನಲ್ಲಿದ್ದ ಗ್ರೀಕ್ ಕವಿ ಹೆಸಿಯಡ್ ತನ್ನ ಕೃಷಿಕಾವ್ಯದಲ್ಲಿ, ಕೃತ್ತಿಕೆ ಮೂಡುವಾಗ ಕೊಯ್ಲನ್ನೂ ಅದು ಮುಳುಗುವಾಗ ಉಳುಮೆಯನ್ನೂ ಆರಂಭಿಸಬೇಕೆಂದು ಬೋಧಿಸುತ್ತಾನೆ. ಅದು ನಲವತ್ತು ದಿನ ಮರೆಯಾಗಿರುವುದನ್ನೂ ಅವನು ಬಲ್ಲ. ಕ್ರಿ. ಪೂ. 1000ದ ಸುಮಾರಿಗೆ ಸಂಕಲಿತವಾದುದೆಂದು ಎಣಿಸಲಾಗುವ ಬ್ಯಾಬಿಲೋನಿಯದ ‘ಮುಲ್ ಆಪಿನ್’ ಎಂಬ ಮಣ್ಣಿನ ಹಲಗೆಗಳ ಗ್ರಂಥದಲ್ಲಿ ಇದಕ್ಕಿಂತ ಸೂಕ್ಷ್ಮವಾದ ನಿಯಮವಿದೆ. ವರ್ಷದ ಮೊದಲ ತಿಂಗಳ ಮೊದಲ ದಿನ ಚಂದ್ರನು ಕೃತ್ತಿಕೆಯ ಜೊತೆಗೂಡಿದರೆ ವರ್ಷ ಸರಿಯಾಗಿದೆ. ಮೂರನೆಯ ದಿನ ಕೂಡಿದರೆ ತಿಂಗಳು ಹಿಂದೆ ಬಿದ್ದಿದೆ, ಅಧಿಕಮಾಸವನ್ನು ಸೇರಿಸಬೇಕು. ಮೇಲೆ ಹೇಳಿದ ಗೂಟ ಮತ್ತು ಹಗ್ಗದ ಸಂಬಂಧ ಇಲ್ಲಿ ಬರೆಹಕ್ಕೆ ಇಳಿದಿದೆ.

ಬರೆಹವಿಲ್ಲದ ಜನರ ಸಾಕ್ಷ್ಯವಾಗಿ ಜರ್ಮನಿಯ ನೆಬ್ರಾ ಊರಿನ ಬಳಿ 1999ರಲ್ಲಿ ದೊರೆತ ಕಂಚಿನ ತಟ್ಟೆಯನ್ನು ಹೇಳುವುದುಂಟು. ಸುಮಾರು 32 ಸೆಂಟಿಮೀಟರ್ ಅಗಲದ ಆ ತಟ್ಟೆಯ ಮೇಲೆ ಚಿನ್ನದ ಚಂದ್ರಕಲೆ, ಚಿನ್ನದ ಬಿಂಬ, ಚೆದುರಿದ ಚುಕ್ಕಿಗಳು ಇವೆ. ನಡುವೆ ಏಳು ಚುಕ್ಕಿಗಳ ಒಂದು ಗುಂಪಿದೆ. ಅದು ಭೂಗತವಾದುದು ಕ್ರಿ. ಪೂ. 1600ರ ಸುಮಾರಿನಲ್ಲಿ ಎಂಬುದು ಬಹುಮತ, ಕಬ್ಬಿಣಯುಗದ್ದೆಂದು ವಾದಿಸಿದವರೂ ಇದ್ದಾರೆ. ಏಳು ಚುಕ್ಕಿಗಳು ಕೃತ್ತಿಕೆಯೆಂಬುದನ್ನು ಒಪ್ಪಲು ಅಡ್ಡಿಯಿಲ್ಲ. ಆದರೆ ಆ ತಟ್ಟೆಯಲ್ಲಿ ಬ್ಯಾಬಿಲೋನಿಯದ ಅಧಿಕಮಾಸದ ನಿಯಮವನ್ನೇ ಕಾಣುವುದು ಚಿತ್ರದ ಮೇಲೆ ಅದು ಹೊರಲಾರದಷ್ಟು ಭಾರವನ್ನು ಹೇರಿದಂತೆ. ಫ್ರಾನ್ಸಿನ ಲಾಸ್ಕೋ ಗುಹೆಯಲ್ಲಿ ಗೂಳಿಯ ಹೆಗಲ ಮೇಲಿರುವ ಚುಕ್ಕಿಗಳನ್ನು ಹದಿನೇಳು ಸಾವಿರ ವರ್ಷಗಳ ಹಿಂದಿನ ಕೃತ್ತಿಕೆಯೆನ್ನುವ ಊಹೆಯಂತೂ ಊಹೆಯಾಗಿಯೇ ಉಳಿಯತಕ್ಕುದು.

ಇದಕ್ಕಿಂತ ಹೆಚ್ಚು ಕಲಿಸುವುದು ಇಂದಿಗೂ ಬದುಕಿರುವ ರೂಢಿಗಳು. ನ್ಯೂಜಿಲೆಂಡಿನ ಮಾವೋರಿ ಜನರಿಗೆ ಚಳಿಗಾಲದ ನಟ್ಟನಡುವೆ ‘ಮಾತಾರಿಕಿ’ಯ ಪ್ರಥಮೋದಯದಿಂದ ಹೊಸ ವರ್ಷ ಮೊದಲಾಗುತ್ತದೆ. ಅವರ ಮಾತಾರಿಕಿ ನಮ್ಮ ಕೃತ್ತಿಕೆಯೇ. 2022ರಿಂದ ಆ ದೇಶದ ಸರಕಾರ ಅದನ್ನು ಸಾರ್ವಜನಿಕ ರಜಾದಿನವಾಗಿ ಆಚರಿಸುತ್ತಿದೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ರೈತರು ಜೂನ್ ತಿಂಗಳ ಕೊನೆಯಲ್ಲಿ ಬೆಳಗಿನ ಜಾವ ಗುಡ್ಡವೇರಿ ಕೃತ್ತಿಕೆಯನ್ನು ನೋಡುತ್ತಾರೆ. ಚುಕ್ಕಿಗಳು ಮಂಕಾಗಿ ಕಂಡರೆ ಮಳೆ ತಡವಾಗುವುದೆಂದು ಆಲೂಗಡ್ಡೆಯ ನಾಟಿಯನ್ನು ಮುಂದಕ್ಕೆ ಹಾಕುತ್ತಾರೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಓರ್ಲೋವ್, ಚಿಯಾಂಗ್, ಕೇನ್ ಎಂಬ ಮೂವರು ವಿದ್ವಾಂಸರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ಕಾರಣವನ್ನು ವಿವರಿಸಿದರು. ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ‘ಎಲ್ ನಿನೋ’ ವರ್ಷಗಳಲ್ಲಿ ಆ ತಿಂಗಳು ಬಹಳ ಎತ್ತರದಲ್ಲಿ, ಕಣ್ಣಿಗೆ ಸುಲಭವಾಗಿ ಕಾಣದಷ್ಟು ತೆಳುವಾದ ಮೋಡ ಕವಿಯುತ್ತದೆ. ಅದೇ ವರ್ಷಗಳಲ್ಲಿ ಮುಂದಿನ ಮಳೆಯೂ ಕಡಿಮೆಯಾಗುತ್ತದೆ. ಕಾರಣವನ್ನರಿಯದೆಯೇ ಫಲವನ್ನು ಅರಿತ ಜ್ಞಾನ ಇದು. ಲಿಪಿಪೂರ್ವ ಜನರ ಜ್ಯೋತಿಷವನ್ನು ಅಳೆಯುವಾಗ ಈ ಭೇದವನ್ನು ಮರೆಯಲಾಗದು.

ಗೂಟವೇ ನಿಧಾನವಾಗಿ ಸರಿಯುತ್ತದೆ ಎಂಬುದು ಈ ಪದ್ಧತಿಯ ದೊಡ್ಡ ದೋಷ. ಭೂಮಿಯ ಅಕ್ಷವು ಬುಗುರಿಯಂತೆ ಓಲಾಡುತ್ತ ಸುಮಾರು 26,000 ವರ್ಷಗಳಿಗೆ ಒಂದು ಸುತ್ತು ಬರುತ್ತದೆ. ಇದರಿಂದ ವಿಷುವಬಿಂದು ನಕ್ಷತ್ರಗಳ ನಡುವೆ 72 ವರ್ಷಗಳಿಗೆ ಒಂದು ಅಂಶದಂತೆ ಹಿಂದಕ್ಕೆ ಸರಿಯುತ್ತದೆ. ಇದೇ ಅಯನಚಲನ. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಇದರಿಂದ ಆಗುವ ವ್ಯತ್ಯಾಸ ಒಂದು ದಿನ. ಮೂರು ತಲೆಮಾರುಗಳ ಅಜ್ಜ ಮೊಮ್ಮಕ್ಕಳು ಜಗಳವಾಡುವಷ್ಟು ಸಹ ಅಲ್ಲ. ಸಾವಿರ ವರ್ಷಕ್ಕೆ ಎರಡು ವಾರವಾಗುತ್ತದೆ. ವೇದಾಂಗ ಜ್ಯೋತಿಷವು ದಕ್ಷಿಣಾಯನದ ಆರಂಭವನ್ನು ಆಶ್ಲೇಷೆಯ ನಡುವೆ ಇಟ್ಟಿದೆ. ಇದು ಲೆಕ್ಕಕ್ಕೆ ಕ್ರಿ. ಪೂ. 1400ರ ಆಸುಪಾಸಿನ ಸ್ಥಿತಿ. ಆರನೆಯ ಶತಮಾನದ ವರಾಹಮಿಹಿರನು ಹಿಂದೆ ಹಾಗಿದ್ದಿತೆಂದೂ ತನ್ನ ಕಾಲದಲ್ಲಿ ಅದು ಕರ್ಕಾಟಕದ ಆದಿಯಲ್ಲಿದೆಯೆಂದೂ ಬೃಹತ್ಸಂಹಿತೆಯಲ್ಲಿ ಹೇಳುತ್ತಾನೆ. ಹಳೆಯ ಶಾಸ್ತ್ರ ಸುಳ್ಳೆಂದು ಅವನು ಜರೆಯಲಿಲ್ಲ, ತನ್ನ ಕಣ್ಣು ಸುಳ್ಳೆಂದು ಅದಕ್ಕೆ ಶರಣಾಗಲೂ ಇಲ್ಲ. ನಮ್ಮ ವಿದ್ವತ್ಪರಂಪರೆಯಲ್ಲಿ ಇಂಥ ನಿಲವು ಅಷ್ಟೇನೂ ಸುಲಭವಾಗಿ ಸಿಗುವುದಲ್ಲ.

ಇನ್ನು ಶತಪಥದ ಮಾತಿಗೆ ಹಿಂದಿರುಗಬಹುದು. ಕ್ರಿ. ಪೂ. 3000ಕ್ಕೆ ಸಮೀಪದಲ್ಲಿ ಕೃತ್ತಿಕೆಗಳು ವಿಷುವದ್ವೃತ್ತದ ಮೇಲೆಯೇ ಇದ್ದುವು. ವಿಷುವದ್ವೃತ್ತದ ಮೇಲಿರುವ ತಾರೆ ಎಲ್ಲಿಂದ ನೋಡಿದರೂ ನೇರ ಪೂರ್ವದಲ್ಲಿಯೇ ಮೂಡುತ್ತದೆ. ದೀಕ್ಷಿತರ ಗಣಿತದಲ್ಲಿ ದೋಷವಿಲ್ಲ. ‘ನಕ್ಷತ್ರಗಳೆಲ್ಲವೂ ಮೂಡಣದಲ್ಲಿಯೇ ಮೂಡುತ್ತವೆ, ಇದರಲ್ಲೇನು ವಿಶೇಷ’ ಎಂದು ಮಾತನ್ನು ತೇಲಿಸುವುದೂ ಸರಿಯಲ್ಲ. ಇತರ ನಕ್ಷತ್ರಗಳು ಸರಿಯುತ್ತವೆಂದು ಗ್ರಂಥವೇ ಬಿಡಿಸಿ ಹೇಳಿರುವಾಗ ಕೃತ್ತಿಕೆಗೆ ಒಂದು ವಿಶೇಷವನ್ನು ಅದು ಉದ್ದೇಶಿಸಿದೆಯೆಂದೇ ತಿಳಿಯಬೇಕು. ವಿಚಾರಿಸಬೇಕಾದುದು ನೋಟದ ನಿಖರತೆಯನ್ನು.

ಕೃತ್ತಿಕೆ ಮಂಕಾದ ಗುಂಪು. ದಿಗಂತದ ಧೂಳಿನಲ್ಲಿಯೂ ಮಂಜಿನಲ್ಲಿಯೂ ಅದು ಮೂಡಿದ ಕ್ಷಣದಲ್ಲಿ ಕಾಣದು. ನಾಲ್ಕೈದು ಅಂಶ ಮೇಲೇರಿದ ಬಳಿಕ ಕಾಣುತ್ತದೆ. ಉತ್ತರ ಭಾರತದಲ್ಲಿ ಮೂಡಿದ ತಾರೆ ನೆಟ್ಟಗೆ ಏರದೆ ದಕ್ಷಿಣಕ್ಕೆ ಓರೆಯಾಗಿ ಏರುತ್ತದೆ. ಕುರುಪಾಂಚಾಲದ ಅಕ್ಷಾಂಶವಾದ 28 ಅಂಶದಲ್ಲಿ, ಐದು ಅಂಶ ಮೇಲೇರಿದಾಗ ಸರಿಯಾಗಿ ಪೂರ್ವದಲ್ಲಿ ಕಾಣುವ ತಾರೆಯು ವಿಷುವದ್ವೃತ್ತಕ್ಕೆ ಎರಡೂಕಾಲು ಅಂಶಕ್ಕಿಂತ ತುಸು ಹೆಚ್ಚು ಉತ್ತರದಲ್ಲಿರುತ್ತದೆ. ಕೃತ್ತಿಕೆ ಆಗ ಶತಮಾನಕ್ಕೆ ಸುಮಾರು ಅರ್ಧ ಅಂಶದಂತೆ ಉತ್ತರಕ್ಕೆ ಸರಿಯುತ್ತಿದ್ದಿತು. ಆದುದರಿಂದ ಇಷ್ಟರಿಂದಲೇ ಕಾಲವು ನಾಲ್ಕು ಶತಮಾನಗಳಿಗೂ ಮೇಲ್ಪಟ್ಟು ಈಚೆಗೆ ಬಂದು, ಕ್ರಿ. ಪೂ. 2500ರ ಹತ್ತಿರಕ್ಕೆ ನಿಲ್ಲುತ್ತದೆ.

ಇದಕ್ಕಿಂತ ಮುಖ್ಯವಾದ ಸಾಕ್ಷ್ಯ ಬೌಧಾಯನ ಶ್ರೌತಸೂತ್ರದಲ್ಲಿದೆ. ಯಜ್ಞಶಾಲೆಯ ಪೂರ್ವರೇಖೆಯನ್ನು ಹಿಡಿಯಲು ಅದು ಮೂರು ಮಾರ್ಗಗಳನ್ನು ಹೇಳುತ್ತದೆ: ಕೃತ್ತಿಕೆಯನ್ನು ನೋಡಿ ಅಳೆಯುವುದು ಒಂದು; ಶ್ರವಣವನ್ನು ನೋಡಿ ಅಳೆಯುವುದು ಎರಡನೆಯದು; ಚಿತ್ರಾ ಸ್ವಾತಿಗಳ ನಡುವಣ ಎಡೆಯನ್ನು ಹಿಡಿಯುವುದು ಮೂರನೆಯದು. ಶ್ರವಣದ ಉಜ್ಜ್ವಲ ತಾರೆ ವಿಷುವದ್ವೃತ್ತಕ್ಕೆ ಐದು ಅಂಶಗಳಿಗಿಂತ ಸಮೀಪಕ್ಕೆ ಆ ಯಾವ ಸಹಸ್ರಮಾನದಲ್ಲಿಯೂ ಬಂದಿಲ್ಲ. ಕ್ರಿ. ಪೂ. 1000ದಲ್ಲಿ ಅದು ನೇರ ಪೂರ್ವಕ್ಕಿಂತ ಸುಮಾರು ಆರು ಅಂಶ ಉತ್ತರದಲ್ಲಿ ಮೂಡುತ್ತಿದ್ದಿತು. ಮೂರನೆಯ ಮಾರ್ಗವಂತೂ ಇದಕ್ಕಿಂತಲೂ ಸಡಿಲ. ಕೈಯನ್ನು ನೀಳವಾಗಿ ಚಾಚಿದಾಗ ಮುಷ್ಟಿಯ ಅಗಲ ಸುಮಾರು ಹತ್ತು ಅಂಶ ಎಂಬುದನ್ನು ನೆನೆದರೆ, ಅರ್ಧ ಮುಷ್ಟಿಗಿಂತ ಹೆಚ್ಚಿನ ದೋಷವನ್ನು ಸೂತ್ರಕಾರರು ದೋಷವೆಂದೇ ಎಣಿಸಿರಲಿಲ್ಲವೆಂದಾಯಿತು. ಶ್ರವಣಕ್ಕೆ ಸಂದ ಈ ರಿಯಾಯಿತಿಯನ್ನು ಕೃತ್ತಿಕೆಗೂ ಸಲ್ಲಿಸಿದರೆ ಕಾಲ ಕ್ರಿ. ಪೂ. 2000ದ ಆಸುಪಾಸಿಗೆ ಇಳಿಯುತ್ತದೆ. ದಿಗಂತದ ಮಂಜಿನ ಲೆಕ್ಕವನ್ನೂ ಕೂಡಿಸಿದರೆ ಇನ್ನೂ ಕೆಲವು ಶತಮಾನ ಕೆಳಕ್ಕೆ.

ಹಾಗೆಂದು ಅದನ್ನು ಎಲ್ಲಿಯವರೆಗಾದರೂ ಇಳಿಸಬಹುದೆಂದಲ್ಲ. ಕ್ರಿ. ಪೂ. 1000ದ ಸುಮಾರಿನಲ್ಲಿ ಕೃತ್ತಿಕೆ ಪೂರ್ವಕ್ಕಿಂತ ಹನ್ನೆರಡು ಅಂಶ ಉತ್ತರದಲ್ಲಿ ಮೂಡುತ್ತಿದ್ದಿತು. ಒಂದು ಮುಷ್ಟಿಗಿಂತ ಹೆಚ್ಚಿನ ಈ ಓರೆ, ವೇದಿಯ ದಿಕ್ಕನ್ನು ಹಿಡಿಯಲು ನಿಂತವನ ಕಣ್ಣಿಗೆ ಬೀಳದಿರದು. ಆ ಕಾಲದಲ್ಲಿ ಹೊಸದಾಗಿ ನೋಡಿದವನು ‘ಸರಿಯುವುದಿಲ್ಲ’ವೆಂಬ ಮಾತನ್ನು ಆಡುತ್ತಿರಲಿಲ್ಲ. ಆದುದರಿಂದ ಯುಕ್ತವಾಗಿ ತೋರುವ ನಿರ್ಣಯ ಇದು: ನೋಟವು ಕ್ರಿ. ಪೂ. ಮೂರನೆಯ ಸಹಸ್ರಮಾನದ್ದು, ಅಥವಾ ಎರಡನೆಯದರ ಪೂರ್ವಾರ್ಧದ್ದು. ಅದನ್ನು ಹೊತ್ತು ತಂದ ಗ್ರಂಥದ ವಯಸ್ಸು ಬೇರೆಯೇ. ಮಾತಿನ ವಯಸ್ಸನ್ನು ಗ್ರಂಥದ ವಯಸ್ಸೆಂದು ಎಣಿಸಿದುದರಿಂದಲೇ ಒಂದು ಪಕ್ಷದವರು ಅತಿಯಾಗಿ ಹಿಂದಕ್ಕೆ ಹೋದರು. ಗ್ರಂಥವು ಈಚಿನದೆಂಬ ಕಾರಣಕ್ಕೆ ಮಾತನ್ನೇ ನಿರರ್ಥಕವೆಂದು ಇನ್ನೊಂದು ಪಕ್ಷದವರು ತಳ್ಳಿಹಾಕಿದರು. ಪೂರ್ವವನ್ನು ನಿಖರವಾಗಿ ಹಿಡಿಯುವ ಸಾಧನ ಮುಂದೆ ದೊರೆಯದೆ ಇರಲಿಲ್ಲ. ಕಾತ್ಯಾಯನ ಶುಲ್ಬಸೂತ್ರವು ವೃತ್ತದ ನಡುವೆ ಶಂಕುವನ್ನು ನೆಟ್ಟು, ಅದರ ನೆರಳಿನ ತುದಿ ವೃತ್ತವನ್ನು ಮುಟ್ಟುವ ಎರಡು ಬಿಂದುಗಳಿಂದ ಪೂರ್ವರೇಖೆಯನ್ನು ಎಳೆಯುವ ಕ್ರಮವನ್ನು ಹೇಳುತ್ತದೆ. ಇಂಥ ಶಂಕು ಕೈಯಲ್ಲಿದ್ದ ಮೇಲೂ ಕೃತ್ತಿಕೆಯ ಮಾತು ಅಳಿಯಲಿಲ್ಲ. ಮಂತ್ರದಂತೆ ಬಾಯಿಪಾಠವಾದ ನೋಟವು ಆಕಾಶ ತನ್ನನ್ನು ಬಿಟ್ಟು ಸರಿದುದನ್ನು ಲೆಕ್ಕಿಸದೆ ಉಳಿಯುತ್ತದೆ.

ಬಾಯಿಮಾತು ಹೀಗಾದರೆ ಕಲ್ಲಿನ ಸಾಕ್ಷ್ಯವೇನು? ಕರ್ನಾಟಕದಲ್ಲಿ ಈ ಪ್ರಶ್ನೆಗೆ ಒಳ್ಳೆಯ ಅವಕಾಶವಿದೆ. ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರದ ಸಮೀಪ ವಿಭೂತಿಹಳ್ಳಿಯಲ್ಲಿ ಬಂಡೆಗಳನ್ನು ಸಾಲುಸಾಲಾಗಿ ಚದುರಂಗದ ಮಣೆಯಂತೆ ಜೋಡಿಸಿರುವುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಗುರುತಿಸಿದ್ದನು. ಆಲ್ಚಿನ್ ಎಂಬ ಪುರಾತತ್ತ್ವಜ್ಞರು 1956ರಲ್ಲಿ ದಕ್ಷಿಣ ಹೈದರಾಬಾದಿನ ಶಿಲಾಪಂಕ್ತಿಗಳೆಂದು ಇಂಥವನ್ನು ವಿವರಿಸಿದರು. ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆಯ ಬೈಸೆ, ನಿಲಸಕಲ್ಲುಗಳಲ್ಲಿ ನೆಟ್ಟ ನಿಲುಗಲ್ಲುಗಳನ್ನು ಅಳೆದು ಶ್ರೀಕುಮಾರ್ ಮೆನನ್, ಮಯಂಕ್ ವಾಹಿಯಾ ಮೊದಲಾದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವುಗಳಲ್ಲಿ ಕೆಲವು ಜೋಡಿಗಳು ಅಯನಕಾಲದ ಸೂರ್ಯನ ಉದಯಾಸ್ತಗಳ ದಿಕ್ಕಿಗೆ ಸರಿಹೊಂದುತ್ತವೆ. ಇಲ್ಲಿಯೂ ಎಚ್ಚರ ಬೇಕು. ಸೂರ್ಯನ ಉದಯಬಿಂದುಗಳು ಸಾವಿರಾರು ವರ್ಷ ಕಳೆದರೂ ಅರ್ಧ ಅಂಶದಷ್ಟು ಸಹ ಬದಲಾಗುವುದಿಲ್ಲ. ಆದುದರಿಂದ ಸೂರ್ಯನಿಗೆ ನೆಟ್ಟ ಕಲ್ಲನ್ನು ಇಂದಿಗೂ ಪರೀಕ್ಷಿಸಬಹುದು. ತಾರೆಗಳಾದರೋ ನೂರಾರು, ಪ್ರತಿಯೊಂದೂ ಶತಮಾನಗಳ ಓಟದಲ್ಲಿ ಜಾಗ ಬದಲಿಸುವಂಥವು. ಕಾಲವನ್ನು ಬೇಕಾದಂತೆ ಹಿಂದುಮುಂದು ಮಾಡಿದರೆ ಯಾವ ಎರಡು ಕಲ್ಲುಗಳ ರೇಖೆಗೂ ಒಂದಲ್ಲ ಒಂದು ತಾರೆ ಸಿಕ್ಕಿಯೇ ಸಿಗುತ್ತದೆ. ಅಗೆತದಿಂದ ಸ್ವತಂತ್ರವಾಗಿ ಕಾಲನಿರ್ಣಯವಾಗದ ಹೊರತು ಕಲ್ಲಿನಿಂದ ನಕ್ಷತ್ರವನ್ನೂ ನಕ್ಷತ್ರದಿಂದ ಕಲ್ಲಿನ ಕಾಲವನ್ನೂ ಸಾಧಿಸುವುದು ಅನ್ಯೋನ್ಯಾಶ್ರಯ ದೋಷವಾಗುತ್ತದೆ.

ಕನ್ನಡ ನಾಡಿನ ರೈತನ ಮಳೆನಕ್ಷತ್ರಗಳು ಬೇರೊಂದು ಬಗೆಯ ಸಾಕ್ಷಿ. ರೋಹಿಣಿ, ಮೃಗಶಿರ, ಆರಿದ್ರೆ ಎಂದು ಅವನು ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಹೆಸರಿಸುವುದು ಸೂರ್ಯನು ಹೊಕ್ಕ ನಕ್ಷತ್ರವನ್ನು. ಎಂದರೆ ಮಳೆ ಯಾವ ನಕ್ಷತ್ರದ್ದೋ ಆ ನಕ್ಷತ್ರ ಆಗ ಸೂರ್ಯನ ಬೆಳಕಿನಲ್ಲಿ ಮುಳುಗಿ ಕಣ್ಣಿಗೆ ಕಾಣುತ್ತಿರುವುದಿಲ್ಲ. ಇದು ನೋಟದಿಂದ ಹುಟ್ಟಿದ ಗಣನೆಯಲ್ಲ, ಪಂಚಾಂಗದ ಗಣಿತವು ಹೊಲಕ್ಕೆ ಇಳಿದು ಬಂದುದು. ಕಾರಣವೂ ಆಕಾಶದಲ್ಲಿಯೇ ಇದೆ. ಈಗ ಕರ್ನಾಟಕದಲ್ಲಿ ಕೃತ್ತಿಕೆ ಮೇ ತಿಂಗಳಲ್ಲಿ ಮರೆಯಾಗಿ, ಅದರ ಪ್ರಥಮೋದಯ ಜೂನ್ ತಿಂಗಳ ಮೊದಲ ಭಾಗಕ್ಕೆ ಬೀಳುತ್ತದೆ. ಮುಂಗಾರು ಮೋಡ ಕವಿಯುವುದೂ ಆಗಲೇ. ಕಾಣಬೇಕಾದ ದಿನವೇ ಕಾಣದ ಚುಕ್ಕಿಯನ್ನು ಮಲೆನಾಡಿನ ರೈತ ನಂಬುವುದೆಂತು?

ಈ ಮಳೆಗಳೂ ಅಯನಚಲನದಿಂದ ಪಾರಾಗಿಲ್ಲ. ಸೂರ್ಯನು ಇಂದು ಮೃಗಶಿರವನ್ನು ಹೊಗುವುದು ಜೂನ್ 8ರ ಹೊತ್ತಿಗೆ. ವರಾಹಮಿಹಿರನ ಕಾಲದಲ್ಲಿ, ಇಂದಿನ ತಾರೀಖಿನ ಲೆಕ್ಕದಲ್ಲಿ, ಮೇ ತಿಂಗಳ ನಡುವೆಯೇ ಹೊಗುತ್ತಿದ್ದನು. ಮೂರು ವಾರಗಳಷ್ಟು ಅಂತರ. ಮುಂಗಾರಿನ ಕಾಲ ಅಂದೂ ಇಂದಿನಂತೆಯೇ ಇದ್ದುದಾದರೆ, ಮೃಗಶಿರದ ಮಳೆಗೆ ಬಿತ್ತಬೇಕೆಂಬ ಇಂದಿನ ಅನುಭವ ಅಂದಿನದಾಗಿರಲು ಸಾಧ್ಯವಿಲ್ಲ. ನಕ್ಷತ್ರಗಳ ಹೆಸರು ಹಳೆಯವು. ಅವಕ್ಕೆ ಅಂಟಿದ ಹೊಲದ ಅನುಭವವನ್ನು ನಾಡಿನ ಒಕ್ಕಲುಗಳು ಕಾಲಕಾಲಕ್ಕೆ, ಯಾರ ಅಪ್ಪಣೆಯನ್ನೂ ಕಾಯದೆ, ತಿದ್ದಿಕೊಂಡು ಬಂದಿರಬೇಕು. ಯಜ್ಞಶಾಲೆಯ ಮಾತು ತಿದ್ದುಪಡಿಯಿಲ್ಲದೆ ಉಳಿದುದರಿಂದ ಅದರಲ್ಲಿ ಕಾಲದ ಗುರುತು ಸಿಕ್ಕಿತು. ಹೊಲದ ಮಾತು ಸತತವಾಗಿ ತಿದ್ದಿಕೊಂಡುದರಿಂದ ಅದರಲ್ಲಿ ಆ ಗುರುತು ಅಳಿಸಿಹೋಯಿತು.

ಕೃತ್ತಿಕೆಯನ್ನು ನೋಡಲು ಬಯಸುವವರಿಗೆ ಮಳೆ ತೆರವಾದ ಕಾರ್ತಿಕಮಾಸ ಅನುಕೂಲ. ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಬಳಿ ಇರುವುದರಿಂದಲೇ ಆ ಮಾಸಕ್ಕೆ ಆ ಹೆಸರು. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಗೊಂಚಲು ಮೂಡಿ ಇರುಳಿಡೀ ಇರುತ್ತದೆ. ಚಂದ್ರನಿಲ್ಲದ ಕೃಷ್ಣಪಕ್ಷದ ಸಂಜೆಗಳಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ನಿಂತು ನೋಡಿದರೆ ಅದು ನೇರ ಪೂರ್ವಕ್ಕಿಂತ ಸುಮಾರು 25 ಅಂಶ ಉತ್ತರದಲ್ಲಿ, ಜೂನ್ ಕೊನೆಯ ಸೂರ್ಯ ಹುಟ್ಟುವ ಎಡೆಯಲ್ಲಿಯೇ, ಮೂಡುತ್ತದೆ. ಶತಪಥದ ಮಾತು ಹುಟ್ಟಿದ ಸೀಮೆಗೆ ಸಮೀಪವಾದ ದೆಹಲಿಯಲ್ಲಿ ಅದು ಸುಮಾರು 28 ಅಂಶ: ಚಾಚಿದ ಕೈಯ ಮೂರು ಮುಷ್ಟಿಗಳಿಗೆ ತುಸು ಕಡಿಮೆ.